ಅಜ್ಜಿಯ ಒಂದು ಫೋಟೊ, ಎರಡು ಕೆಲಸ: ದುರಸ್ತಿ ಮಾಡಿಸಿದ ಛಾಯಾಚಿತ್ರವೂ ಬರೆಸಿದ ತೈಲಚಿತ್ರವೂ

ನಮ್ಮ ತಾಯಿಯ ತಾಯಿಯದೆಂದು ಮನೆಯಲ್ಲಿ ಉಳಿದಿರುವುದು ಒಂದೇ ಒಂದು ಛಾಯಾಚಿತ್ರ. 1964ರಲ್ಲಿ ಮೈಸೂರಿನ ಸ್ಟುಡಿಯೊ ಒಂದರಲ್ಲಿ ತೆಗೆಸಿದ, ಅಂಗೈಯಗಲದ ಆ ಕಪ್ಪುಬಿಳುಪು ಪ್ರತಿಯ ಅಂಚುಗಳು ಬೆಳ್ಳಿಯ ರೇಕಿನಂತೆ ಹೊಳೆಯತೊಡಗಿದ್ದವು, ಎಡಗೆನ್ನೆಯ ಮೇಲೆ ಬೂಷ್ಟಿನ ಕಲೆ ಹಬ್ಬಿತ್ತು, ಎದೆಯ ಮಟ್ಟದಲ್ಲಿ ಮಡಿಕೆಯ ಗೆರೆಯೊಂದು ಬಿದ್ದಿತ್ತು. ಮನೆ ಬದಲಿಸುವಾಗ ಟ್ರಂಕಿನ ತಳದಲ್ಲಿ ಸಿಕ್ಕ ಅದನ್ನು ಇನ್ನಾದರೂ ಉಳಿಸಿಕೊಳ್ಳಬೇಕೆಂದು ಎರಡು ಕೆಲಸಗಳನ್ನು ಒಟ್ಟಿಗೇ ಒಪ್ಪಿಸಿದೆವು. ನಗರದ ಸ್ಟುಡಿಯೊ ಒಂದಕ್ಕೆ ಕೊಟ್ಟು ಫೋಟೊವನ್ನು ದುರಸ್ತಿ ಮಾಡಿಸಿ ದೊಡ್ಡದಾಗಿ ಮುದ್ರಿಸಿಕೊಳ್ಳುವುದು ಒಂದು. ಅದೇ ಫೋಟೊವನ್ನು ಮುಂದಿಟ್ಟು, ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರಿಂದ ಕ್ಯಾನ್ವಾಸಿನ ಮೇಲೆ ತೈಲವರ್ಣದ ಚಿತ್ರ ಬರೆಸುವುದು ಇನ್ನೊಂದು. ಈ ಬರಹ ಆ ಎರಡು ಸೇವೆಗಳ ವಿಮರ್ಶೆ. ಇಬ್ಬರ ಹೆಸರನ್ನೂ ಹೇಳುವುದಿಲ್ಲ. ಇಂಥ ಅಂಗಡಿ, ಇಂಥ ಮೇಷ್ಟ್ರು ನಿಮ್ಮ ಊರಿನಲ್ಲಿಯೂ ಇದ್ದಾರು, ಮತ್ತು ನಾನು ಹೇಳಬೇಕಾದದ್ದು ವ್ಯಕ್ತಿಗಳಿಗಿಂತ ಹೆಚ್ಚಾಗಿ ಅವರ ಕೈಯಲ್ಲಿರುವ ಕಲೆಗಳ ಬಗೆಗೆ.

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟುಡಿಯೊದವರು ಸ್ಕ್ಯಾನ್, ದುರಸ್ತಿ ಮತ್ತು 12x18 ಅಂಗುಲದ ಒಂದು ಮುದ್ರಣ ಸೇರಿ 2,400 ರೂಪಾಯಿ ಕೇಳಿದರು. ಎಂಟು ದಿನವೆಂದು ಹೇಳಿದ್ದು ಐದು ವಾರವಾಯಿತು. ಮೇಷ್ಟ್ರು 20x24 ಅಂಗುಲದ ಚಿತ್ರಕ್ಕೆ 18,000 ರೂಪಾಯಿ ಹೇಳಿ, ಅರ್ಧವನ್ನು ಮುಂಗಡವಾಗಿ ಪಡೆದು, ಎಷ್ಟು ದಿನವೆಂದು ಹೇಳಲು ಒಪ್ಪಲೇ ಇಲ್ಲ. ನಾಲ್ಕು ತಿಂಗಳು ತೆಗೆದುಕೊಂಡರು. ದಿನ ಹೇಳಿ ತಪ್ಪಿದವರಿಗಿಂತ ಹೇಳದೆ ತಡಮಾಡಿದವರ ಮೇಲೆ ಸಿಟ್ಟು ಕಡಿಮೆ ಬರುತ್ತದೆ ಎಂಬುದನ್ನು ಈ ಅನುಭವದಿಂದ ಕಂಡುಕೊಂಡೆ.

ಸ್ಟುಡಿಯೊದಿಂದ ಮೊದಲು ಬಂದ ಪ್ರತಿಯನ್ನು ನೋಡಿ ನಮ್ಮಮ್ಮ ಕೇಳಿದ್ದು ಒಂದೇ ಮಾತು: “ಇವರು ಯಾರೇ?” ಬೂಷ್ಟು ಹೋಗಿತ್ತು, ಮಡಿಕೆಯ ಗೆರೆ ಹೋಗಿತ್ತು, ಅವುಗಳ ಜೊತೆಯಲ್ಲಿಯೇ ಅಜ್ಜಿಯ ಹಣೆಯ ಎರಡು ಸುಕ್ಕು, ಮೂಗಿನ ಪಕ್ಕದ ಸಿಡುಬಿನ ಗುಳಿ, ಕಣ್ಣ ಕೆಳಗಿನ ಕಪ್ಪು ಎಲ್ಲವೂ ಹೋಗಿದ್ದವು. ಕಂಪ್ಯೂಟರು ಚರ್ಮವನ್ನು ಮೇಣದಂತೆ ನಯಗೊಳಿಸಿತ್ತು. ನಾವು ಕೇಳದಿದ್ದರೂ ಬಣ್ಣ ತುಂಬಿ, ಸೀರೆಯನ್ನು ಮಾಸಲು ನೀಲಿ ಮಾಡಿಕೊಟ್ಟಿದ್ದರು. ಇವೆಲ್ಲ ಈಗಿನ ಸಾಫ್ಟ್‌ವೇರಿನ ಸಾಮಾನ್ಯ ಉಪದ್ರವಗಳು. ಆದರೆ ಅಮ್ಮ ಬೆರಳಿಟ್ಟು ತೋರಿಸಿದ್ದು ಬೇರೆಯೇ ಒಂದನ್ನು. ಮೂಲ ಫೋಟೊದಲ್ಲಿ ಅಜ್ಜಿಯ ಮಾಂಗಲ್ಯದ ಸರಕ್ಕೆ ಎರಡು ಸೇಫ್ಟಿ ಪಿನ್ನುಗಳು ಸಿಕ್ಕಿಸಿದ್ದವು. ಮಕ್ಕಳ ಗುಂಡಿ ಕಿತ್ತರೆ, ಕಾಲಿಗೆ ಮುಳ್ಳು ಚುಚ್ಚಿದರೆ, ಸೆರಗು ನಿಲ್ಲದಿದ್ದರೆ ಕೈಗೆ ಸಿಗಲೆಂದು ಆ ಕಾಲದ ಹೆಂಗಸರು ಸರದಲ್ಲಿಯೋ ಬಳೆಯಲ್ಲಿಯೋ ಇಟ್ಟುಕೊಳ್ಳುತ್ತಿದ್ದ ಪಿನ್ನುಗಳು. ಟಚಿಂಗ್, ಎಂದರೆ ಫೋಟೊ ತಿದ್ದುವ ಕೆಲಸ, ಮಾಡಿದ ಹುಡುಗ ಅವನ್ನೂ ಕಲೆಯೆಂದು ತಿಳಿದು ಒರೆಸಿಹಾಕಿದ್ದ.

ಆ ಎರಡು ಪಿನ್ನುಗಳು ಛಾಯಾಚಿತ್ರ ಎಂಬ ಕಲೆಯ ಬಗೆಗೆ ನನಗೆ ಕಲಿಸಿದಷ್ಟನ್ನು ನೋಡಿದ ಪ್ರದರ್ಶನಗಳೂ ಕಲಿಸಿರಲಿಲ್ಲ. 1964ರ ಆ ಫೋಟೊಗ್ರಾಫರು ಅವನ್ನು ತೆಗೆಯಬೇಕೆಂದು ತೆಗೆದಿರಲಾರರು. ಬಹುಶಃ ಗಮನಿಸಿಯೂ ಇರಲಾರರು. ಅಜ್ಜಿ ಗಮನಿಸಿದ್ದರೆ ಖಂಡಿತವಾಗಿಯೂ ಸೆರಗಿನೊಳಗೆ ಸೇರಿಸುತ್ತಿದ್ದರು, ಏಕೆಂದರೆ ಫೋಟೊ ತೆಗೆಸುವುದೆಂದರೆ ಆಗ ಮದುವೆಗೆ ಹೊರಟಷ್ಟು ಸಡಗರದ ವಿಷಯ. ಮಸೂರದೊಳಗೆ ಹೊಕ್ಕ ಬೆಳಕಿಗೆ ಈ ಸಡಗರ ತಿಳಿಯದು. ಅದು ಮುಖದ ಮೇಲೆ ಬಿದ್ದಷ್ಟೇ ನಿಷ್ಠೆಯಿಂದ ಪಿನ್ನಿನ ಮೇಲೂ ಬಿದ್ದು, ಫಿಲ್ಮಿನ ಬೆಳ್ಳಿಯ ಲವಣವನ್ನು ಕಪ್ಪಾಗಿಸಿ, ಯಾರೂ ಬಯಸದೆ, ಯಾರೂ ಆರಿಸದೆ ಒಂದು ಬಡಮನೆಯ ದಿನಚರಿಯನ್ನು ಅರುವತ್ತು ವರ್ಷಗಳಾಚೆಗೆ ದಾಟಿಸಿತು. ಚಿತ್ರಕಾರನ ಕುಂಚದಲ್ಲಿ ಇಂಥ ಆಕಸ್ಮಿಕಕ್ಕೆ ಜಾಗವಿಲ್ಲ. ಅವನು ಪಿನ್ನನ್ನು ಬರೆಯುವುದಾದರೆ ಬರೆಯಬೇಕೆಂದು ನಿರ್ಧರಿಸಿಯೇ ಬರೆಯಬೇಕು.

ಛಾಯಾಚಿತ್ರವನ್ನು ಕಲೆಯೆನ್ನಲು ಹಿಂದಿನವರು ಹಿಂಜರಿದದ್ದು ಇದೇ ಕಾರಣಕ್ಕೆ. 1839ರಲ್ಲಿ ಪ್ಯಾರಿಸಿನಲ್ಲಿ ಡಗೇರ್ ಎಂಬಾತನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ಬಹಿರಂಗಪಡಿಸಿದ ಇಪ್ಪತ್ತು ವರ್ಷಗಳ ತರುವಾಯ, 1859ರ ಸಲೋನ್ ಎಂಬ ಕಲಾಪ್ರದರ್ಶನವನ್ನು ವಿಮರ್ಶಿಸುತ್ತಾ ಫ್ರೆಂಚ್ ಕವಿ ಬೋದಿಲೇರ್, ಈ ಹೊಸ ಯಂತ್ರ ವಿಜ್ಞಾನಕ್ಕೂ ಕಲೆಗಳಿಗೂ ಸೇವಕನಾಗಿ ಇರಲಿ, ಕಲ್ಪನೆಯ ರಾಜ್ಯದೊಳಗೆ ಕಾಲಿಡುವುದು ಬೇಡ ಎಂಬರ್ಥದಲ್ಲಿ ಬರೆದ. ಈ ಅಪವಾದದಿಂದ ಪಾರಾಗಲು ಛಾಯಾಗ್ರಾಹಕರು ಹಿಡಿದ ದಾರಿಯೇ ವಿಚಿತ್ರವಾದದ್ದು: ಅವರು ವರ್ಣಚಿತ್ರವನ್ನು ಅನುಕರಿಸಲು ಹೊರಟರು. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿ ಸಾವಿನಂಚಿನಲ್ಲಿರುವ ಹುಡುಗಿಯೊಬ್ಬಳ ಸುತ್ತ ಮನೆಯವರು ನೆರೆದಿರುವ ದೃಶ್ಯವನ್ನು ಐದು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವಾಗಿ ಮುದ್ರಿಸಿದ. ಕ್ಯಾನ್ವಾಸಿನ ಮೇಲೆ ಬರೆದಿದ್ದರೆ ಯಾರೂ ತಕರಾರೆತ್ತದಿದ್ದ ಆ ದೃಶ್ಯ, ಫೋಟೊ ಆದ ಮಾತ್ರಕ್ಕೆ ಹಲವರಿಗೆ ಸಹಿಸಲಾಗದಂತಾಯಿತು. ನೋಡುವವರು ಚಿತ್ರಕಾರನಿಗೆ ಕೊಟ್ಟ ಸ್ವಾತಂತ್ರ್ಯವನ್ನು ಕ್ಯಾಮೆರಾಕ್ಕೆ ಕೊಟ್ಟಿರಲಿಲ್ಲ. ನಮ್ಮ ಸ್ಟುಡಿಯೊದ ಹುಡುಗ ಪಿನ್ನು ಒರೆಸಿದಾಗ ಅಮ್ಮನಿಗೆ ಆದದ್ದು ಅದೇ. ಆತ ಅಂದಗೆಡಿಸಿರಲಿಲ್ಲ; ಸುಳ್ಳು ಹೇಳಿದ್ದ.

ನ್ಯಾಯವಾಗಿ ಹೇಳಬೇಕೆಂದರೆ, ಎರಡನೆಯ ಸಲ ಅದೇ ಸ್ಟುಡಿಯೊದವರು ಮಾಡಿದ ಕೆಲಸ ಮೆಚ್ಚುವಂಥದ್ದು. ಅಂಗಡಿಯ ಹಿರಿಯರೇ ಕುಳಿತು, ಮೂಲವನ್ನು ಮತ್ತೆ 1200 ಡಿಪಿಐನಲ್ಲಿ (ಅಂಗುಲಕ್ಕೆ 1200 ಚುಕ್ಕೆಗಳ ಸೂಕ್ಷ್ಮತೆಯಲ್ಲಿ) ಸ್ಕ್ಯಾನ್ ಮಾಡಿ, ಬೂಷ್ಟನ್ನೂ ಮಡಿಕೆಯನ್ನೂ ಮಾತ್ರ ತೆಗೆದು, ಉಳಿದದ್ದನ್ನು ಇದ್ದಂತೆಯೇ ಬಿಟ್ಟು, ಹತ್ತಿಯ ನಾರಿನ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿಕೊಟ್ಟರು. ಇದಕ್ಕೆ ಹೆಚ್ಚಿನ ಹಣವನ್ನೂ ಕೇಳಲಿಲ್ಲ. ಆ ಪ್ರತಿಯಲ್ಲಿ ಸೀರೆಯ ನೇಯ್ಗೆಯ ಎಳೆ ಕಾಣುತ್ತದೆ, ಅಜ್ಜಿಯ ಹಿಂದೆ ತೂಗುಹಾಕಿದ್ದ ಪರದೆಯ ಸುಕ್ಕು ಕಾಣುತ್ತದೆ. ಆ ಪರದೆಯ ಮೇಲೆ ಕಂಬಗಳು, ಮೆಟ್ಟಿಲು, ಕೊಳ, ಎರಡು ಹಂಸ ಇರುವ ಉದ್ಯಾನವೊಂದನ್ನು ಬಣ್ಣದಲ್ಲಿ ಬರೆದಿದ್ದರು. ಹಂಸಗಳಲ್ಲಿ ಒಂದು ಅಜ್ಜಿಯ ಕಿವಿಯ ಹಿಂದಿನಿಂದ ಇಣುಕುತ್ತಿದೆ. ಹಳೆಯ ಸ್ಟುಡಿಯೊಗಳ ಫೋಟೊವೆಂದರೆ ಅರ್ಧ ಛಾಯಾಚಿತ್ರ, ಅರ್ಧ ವರ್ಣಚಿತ್ರ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಸಂಸ್ಥಾನಗಳಲ್ಲಿ, ಫೋಟೊದ ಪ್ರತಿಯ ಮೇಲೆಯೇ ಬಣ್ಣ ಹಚ್ಚಿ ಅರಸರ ಆಭರಣಗಳನ್ನೂ ರತ್ನಗಂಬಳಿಗಳನ್ನೂ ತುಂಬುವ ಕೆಲಸ ಮಾಡುತ್ತಿದ್ದವರು ಚಿತ್ರಕಾರರೇ.

ಇನ್ನು ಮೇಷ್ಟ್ರ ಕೆಲಸ. ಅವರು ಫೋಟೊದ ಮೇಲೆ ಚೌಕುಳಿ ಹಾಕಿ, ಅದನ್ನು ದೊಡ್ಡದು ಮಾಡಿ, ಇದ್ದಿಲಿನಲ್ಲಿ ಮೊದಲ ರೇಖಾಚಿತ್ರವನ್ನು ತೆಗೆದಿಟ್ಟು ನಮ್ಮನ್ನು ಕರೆದರು. ಕಣ್ಣು, ಮೂಗು, ಕುತ್ತಿಗೆಯ ಓರೆ ಎಲ್ಲವೂ ಅಳತೆಗೆ ಸರಿಯಾಗಿದ್ದವು. ನಾವು ಒಪ್ಪಿದೆವು, ಅವರೇ ಒಪ್ಪಲಿಲ್ಲ. “ಇದು ಫೋಟೊದ ಚಿತ್ರ ಆಯಿತಮ್ಮ, ನಿಮ್ಮ ತಾಯಿಯ ಚಿತ್ರ ಆಗಲಿಲ್ಲ. ಈ ಗಲ್ಲದ ಕೆಳಗಿನ ನೆರಳು ಸ್ಟುಡಿಯೊ ದೀಪದ್ದು, ಅವರದಲ್ಲ” ಎಂದು ಅಮ್ಮನಿಗೆ ಹೇಳಿ, ಮಾರನೆಯ ಬೆಳಗ್ಗೆ ಅವರನ್ನು ಕಿಟಕಿಯ ಪಕ್ಕದಲ್ಲಿ ಒಂದು ಗಂಟೆ ಕೂರಿಸಿಕೊಂಡು, ಮಗಳ ಮುಖದ ಮೇಲೆ ಬೆಳಕು ಹೇಗೆ ಹರಿಯುತ್ತದೆ ಎಂಬುದನ್ನು ಬರೆದುಕೊಂಡರು. ಅಜ್ಜಿಯ ಮೈಬಣ್ಣ, ಕೂದಲಿಗೆ ಹಚ್ಚುತ್ತಿದ್ದ ಎಣ್ಣೆ, ಕೂಗಿದರೆ ತಲೆಯನ್ನು ಯಾವ ಕಡೆಗೆ ತಿರುಗಿಸುತ್ತಿದ್ದರು ಎಂಬುದನ್ನೆಲ್ಲ ಕೇಳಿದರು. ಹದಿನೆಂಟು ಸಾವಿರದಲ್ಲಿ ಬಣ್ಣ, ಬಟ್ಟೆಗಿಂತ ಈ ಒಂದು ಗಂಟೆಗೆ ಸಲ್ಲುವ ಭಾಗವೇ ದೊಡ್ಡದು ಎಂದು ನನಗೆ ತೋರುತ್ತದೆ.

ಸೀರೆಯ ಬಣ್ಣದ ಪ್ರಶ್ನೆ ಬಂದಾಗ ಮನೆಯಲ್ಲಿ ಒಂದು ವಾರ ವಾದ ನಡೆಯಿತು. ಫೋಟೊ ತೆಗೆಸಿದಾಗ ಅಮ್ಮನಿಗೆ ಹನ್ನೆರಡು, ಚಿಕ್ಕಮ್ಮನಿಗೆ ಒಂಬತ್ತು ವರ್ಷ. ಅಮ್ಮ ಗಿಣಿಹಸಿರು ಎಂದರು. “ಹಸಿರಲ್ಲ ಕಣೇ, ಅರಿಶಿನದ ಬಣ್ಣ, ಕೆಂಪಂಚು. ನಾನು ಅದರ ಮಡಿಲಲ್ಲೇ ಮಲಗಿದ್ದೀನಿ” ಎಂದು ಚಿಕ್ಕಮ್ಮ ನನಗೆ ಫೋನಿನಲ್ಲಿ ಗದರಿದರು. ಮೇಷ್ಟ್ರು ಇಬ್ಬರ ಮಾತನ್ನೂ ಕೇಳಿಸಿಕೊಂಡು ಮತ್ತೆ ಫೋಟೊವನ್ನೇ ನೋಡಿದರು. ಆ ಕಾಲದ ಕಪ್ಪುಬಿಳುಪು ಫಿಲ್ಮಿನಲ್ಲಿ ಅರಿಶಿನ ಬಣ್ಣ ಸಾಕಷ್ಟು ತಿಳಿಯಾಗಿ, ಬಿಳಿಯ ಹತ್ತಿರಕ್ಕೆ ಬರುತ್ತದೆ. ಹಸಿರು ನಡುಬೂದಿಯಾಗಿ ಬೀಳುತ್ತದೆ. ಸೀರೆಯ ಒಡಲು ನಡುಬೂದಿಯಾಗಿತ್ತು. ಆದ್ದರಿಂದ ಹಸಿರು ಗೆದ್ದಿತು, ಅಂಚಿನ ಮಟ್ಟಿಗೆ ಚಿಕ್ಕಮ್ಮನ ಕೆಂಪು ಉಳಿಯಿತು. ಬಣ್ಣವೇ ಇಲ್ಲದ ಫೋಟೊ ಬಣ್ಣದ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯಿತು, ತೀರ್ಪು ಕೊಟ್ಟದ್ದು ಚಿತ್ರಕಾರ. ಸ್ಟುಡಿಯೊದ ಸಾಫ್ಟ್‌ವೇರು ಕೊಟ್ಟ ನೀಲಿಯ ಹಿಂದೆ ಸಾಕ್ಷಿಯೂ ಇರಲಿಲ್ಲ, ಹೊಣೆ ಹೊರುವವರೂ ಇರಲಿಲ್ಲ.

ನಡುವೆ ಒಂದು ದಿನ, ಬಣ್ಣ ಒಣಗಲು ಬಿಟ್ಟಿದ್ದಾಗ, ಮೇಷ್ಟ್ರು ನನಗೆ ಊರಿನಲ್ಲಿಯೇ ಇರುವ ಎರಡು ಕಡೆ ಹೋಗಿ ನೋಡಿ ಬರಲು ಹೇಳಿದರು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಯುದ್ದಕ್ಕೂ ಇರುವ ದಸರಾ ಮೆರವಣಿಗೆಯ ತೈಲಚಿತ್ರಗಳನ್ನು ಶಾಲೆಯ ಪ್ರವಾಸದಿಂದ ಹಿಡಿದು ಎಷ್ಟೋ ಸಲ ನೋಡಿದ್ದೆ. ಅವನ್ನು ನಿಜವಾದ ಮೆರವಣಿಗೆಯ ಫೋಟೊಗಳನ್ನು ಆಧಾರವಾಗಿಟ್ಟುಕೊಂಡು ಹಲವು ಕಲಾವಿದರು ಬರೆದರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿರಲಿಲ್ಲ. ಹಾಗೆ ನೋಡಿದರೆ ಎರಡು ಕಲೆಗಳ ಹೊಲಿಗೆ ಕಾಣತೊಡಗುತ್ತದೆ. ಗುಂಪಿನ ಒಂದೊಂದು ಮುಖವೂ ಬೇರೆಬೇರೆಯಾಗಿರುವುದು, ಪೇಟ ಸರಿಮಾಡಿಕೊಳ್ಳುವ, ಇನ್ನೆಲ್ಲೋ ನೋಡುವ ಜನರಿರುವುದು ಕ್ಯಾಮೆರಾ ಕೊಟ್ಟ ಸಾಲ. ಬಣ್ಣ, ಬಿಸಿಲು, ಮೆರವಣಿಗೆ ತುಂಡುತುಂಡಾಗದೆ ಗೋಡೆಯಿಂದ ಗೋಡೆಗೆ ಹರಿಯುವ ನಡಿಗೆ, ಇವು ಕುಂಚ ಸೇರಿಸಿದ್ದು. ಫೋಟೊ ನೋಡಿ ಬರೆಯುವುದು ಅಗ್ಗದ ಕೆಲಸವೆಂದು ತಿಳಿದವರು ಅಲ್ಲಿ ಅರ್ಧ ಗಂಟೆ ನಿಲ್ಲಬೇಕು. ರಾಜಾ ರವಿವರ್ಮನೂ ಫೋಟೊಗಳನ್ನು ಆಕರವಾಗಿ ಬಳಸಿಕೊಂಡವನೇ.

ಇನ್ನೊಂದು ಜಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆ, ನೋಡಬೇಕಾದದ್ದು ಚಿತ್ರಕಾರ ಎಸ್. ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣು. ಇದನ್ನು ರವಿವರ್ಮನದೆಂದು ತಪ್ಪಾಗಿ ಹೇಳುವವರು ಮೈಸೂರಿನಲ್ಲಿಯೇ ಸಾಕಷ್ಟು ಮಂದಿ ಸಿಗುತ್ತಾರೆ. 1945-46ರ ಸುಮಾರಿನಲ್ಲಿ ತಮ್ಮ ಮಗಳು ಗೀತಾಳನ್ನೇ ನಿಲ್ಲಿಸಿಕೊಂಡು ಅವರು ಬರೆದ ಈ ಚಿತ್ರ ಜಲವರ್ಣದ್ದು, ಎಂದರೆ ಒಮ್ಮೆ ಕಾಗದಕ್ಕೆ ಇಳಿದ ಬಣ್ಣವನ್ನು ಹಿಂದಕ್ಕೆ ಪಡೆಯುವುದು ಕಷ್ಟವಾದ ಮಾಧ್ಯಮದ್ದು. ದೀಪಕ್ಕೆ ಮರೆಮಾಡಿದ ಕೈಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋಸುವುದನ್ನು ನೋಡುತ್ತಿದ್ದಾಗ ಹೊಳೆದದ್ದು ಇಷ್ಟು: ಆ ದೀಪದ ಬೆಳಕು ಬಿದ್ದ ಸೀರೆಗೆ ಕ್ಯಾಮೆರಾ ಹೊಂದಿಸಿದರೆ ಜ್ವಾಲೆ ಬರಿಯ ಬಿಳಿಯ ಚುಕ್ಕೆಯಾದೀತು, ಜ್ವಾಲೆಗೆ ಹೊಂದಿಸಿದರೆ ಸೀರೆಯ ನೆರಿಗೆ ಕತ್ತಲಲ್ಲಿ ಮುಳುಗೀತು. ನಮ್ಮ ಕಣ್ಣು ಎರಡನ್ನೂ ಒಂದಾದ ಮೇಲೊಂದು ನೋಡಿ ಮನಸ್ಸಿನಲ್ಲಿ ಸೇರಿಸುತ್ತದೆ, ಚಿತ್ರಕಾರ ಆ ಸೇರಿಕೆಯನ್ನೇ ಬರೆದಿದ್ದಾನೆ. ಇದೇ ಚಿತ್ರದ ಫೋಟೊ ಪ್ರತಿಗಳನ್ನು ಕ್ಯಾಲೆಂಡರಿನಲ್ಲಿ, ಹೋಟೆಲಿನ ಗೋಡೆಯಲ್ಲಿ ಬಾಲ್ಯದಿಂದ ನೋಡಿದ್ದ ನನಗೆ, ಮೂಲದಲ್ಲಿ ದೀಪ ಇಷ್ಟು ಮೆಲುವಾಗಿದೆ ಎಂದು ತಿಳಿದಿರಲಿಲ್ಲ.

ಆದರೂ ಆಯ್ಕೆಯೆಲ್ಲ ಕುಂಚದ ಕಡೆ, ಆಕಸ್ಮಿಕವೆಲ್ಲ ಕ್ಯಾಮೆರಾದ ಕಡೆ ಎಂದು ಗೆರೆ ಎಳೆದರೆ ತಪ್ಪಾಗುತ್ತದೆ. 1941ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಶ್, ಬ್ರಿಟನ್ನಿನ ಪ್ರಧಾನಿ ಚರ್ಚಿಲರ ಬಾಯಿಂದ ಸಿಗಾರನ್ನು ತಾನೇ ಕಿತ್ತು ತೆಗೆದು, ಆ ಸಿಟ್ಟಿನ ಮುಖವನ್ನು ಹಿಡಿದ ಫೋಟೊ ಲೋಕವೆಲ್ಲ ಮೆಚ್ಚಿದ ಚರ್ಚಿಲ್ ಆಯಿತು. 1954ರಲ್ಲಿ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಚಿತ್ರಕಾರ ಗ್ರಹಾಂ ಸದರ್ಲ್ಯಾಂಡ್ ಬರೆದುಕೊಟ್ಟ ತೈಲಚಿತ್ರವನ್ನು ಚರ್ಚಿಲ್ ದ್ವೇಷಿಸಿದರು, ಅವರ ಪತ್ನಿಯ ಇಷ್ಟದಂತೆ ಅದನ್ನು ಕೊನೆಗೆ ನಾಶಮಾಡಲಾಯಿತು. ಒಬ್ಬನೇ ಮನುಷ್ಯನ ವಿಷಯದಲ್ಲಿ ಕ್ಯಾಮೆರಾ ವೀರನನ್ನು ಕಟ್ಟಿತು, ಕುಂಚ ಮುದುಕನನ್ನು ಕಂಡಿತು. ನಮ್ಮ ಊರಿನವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಫೋಟೊಗಳನ್ನು ನೋಡಿದವರಿಗಂತೂ, ಬೀದಿಯ ಮಕ್ಕಳ ಒಂದು ನಗುವಿಗಾಗಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಗುಂಡಿ ಒತ್ತದೆ ಸುಮ್ಮನಿರಬೇಕು ಎಂಬುದೆಲ್ಲ ಕಲಾವಿದನ ನಿರ್ಧಾರವೇ ಎಂದು ಬೇರೆ ಹೇಳಬೇಕಾಗಿಲ್ಲ. ಛಾಯಾಗ್ರಾಹಕನ ಆಯ್ಕೆ ಆ ಕ್ಷಣಕ್ಕೆ ಮುಂಚೆಯೇ ಬಹುಪಾಲು ಮುಗಿದಿರುತ್ತದೆ. ಚಿತ್ರಕಾರನದು ಸಹಿ ಹಾಕುವ ತನಕ ಮುಗಿಯುವುದಿಲ್ಲ.

ಮುಗಿದ ತೈಲಚಿತ್ರಕ್ಕೆ ಬರುತ್ತೇನೆ. ಮುಖ ಅದ್ಭುತವಾಗಿದೆ, ಅಮ್ಮ ಅದರ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು. ಹಂಸವಿದ್ದ ಪರದೆಯನ್ನು ಮೇಷ್ಟ್ರು ತೆಗೆದುಹಾಕಿ, ಸುಣ್ಣ ಹೊಡೆದ ಗೋಡೆಯೊಂದನ್ನು ಮಾತ್ರ ಇಟ್ಟಿದ್ದಾರೆ. “ಆ ಪರದೆ ಬರೆದವನು ನಮ್ಮ ಕಸುಬಿನವನೇ, ಕ್ಷಮಿಸಲಿ” ಎಂದು ನಕ್ಕರು. ಪಿನ್ನುಗಳನ್ನು ಅವರೂ ಮೊದಲು ಬಿಟ್ಟಿದ್ದರು, ಆದರೆ ಮರೆತು ಬಿಟ್ಟದ್ದಲ್ಲ. ತೈಲಚಿತ್ರದಲ್ಲಿ ಅಂಥದ್ದು ಶೋಭಿಸುವುದಿಲ್ಲ ಎಂಬ ಅಭಿಪ್ರಾಯದಿಂದ ಬಿಟ್ಟದ್ದು. ಅಮ್ಮ ಪಟ್ಟು ಹಿಡಿದ ಮೇಲೆ ಒಂದನ್ನು ಬರೆದರು, ಎರಡನ್ನು ಬರೆಯಲು ಒಪ್ಪಲಿಲ್ಲ. ಫೋಟೊದಲ್ಲಿ ಹುಡುಕಿದರೆ ಮಾತ್ರ ಕಾಣುವ ಆ ಪಿನ್ನು ಇಲ್ಲಿ ಬಿಳಿಯ ಒಂದು ಹೊಳಪಾಗಿ, ಬಂದವರ ಕಣ್ಣನ್ನು ಮೊದಲು ತನ್ನತ್ತ ಸೆಳೆದುಬಿಡುತ್ತದೆ. ಮೇಷ್ಟ್ರ ಅಂಜಿಕೆ ಸುಳ್ಳಲ್ಲ: ಬರೆದದ್ದಕ್ಕೆಲ್ಲ ಅರ್ಥ ಹುಡುಕುವುದು ಚಿತ್ರ ನೋಡುವವರ ಚಾಳಿ. ಬಂದ ನೆಂಟರೊಬ್ಬರು ಅದನ್ನು ಬಡತನದ ಸಂಕೇತವೇ ಎಂದು ಕೇಳಿಯೂಬಿಟ್ಟರು.

ದೋಷವಿರುವುದು ಕೈಗಳಲ್ಲಿ. ಮೂಲ ಫೋಟೊದಲ್ಲಿ ಅಜ್ಜಿಯ ಕೈಗಳು ಸೆರಗಿನ ಮರೆಯಲ್ಲಿವೆ. ಚಿತ್ರ ದೊಡ್ಡದಾದ್ದರಿಂದ ಮೇಷ್ಟ್ರು ಅವನ್ನು ಹೊರಗೆ ತೆಗೆದು ಮಡಿಲಿನ ಮೇಲಿಟ್ಟರು. ಸುಂದರವಾದ, ನೀಳ ಬೆರಳುಗಳ, ಚಿತ್ರಕಲಾಶಾಲೆಯಲ್ಲಿ ಅಭ್ಯಾಸ ಮಾಡಿ ಕಲಿತಂಥ ಕೈಗಳು ಅವು. ರಾಗಿ ಬೀಸಿದ, ಸಗಣಿ ಸಾರಿಸಿದ ನಮ್ಮ ಅಜ್ಜಿಯ ಬೆರಳುಗಳು ಗಂಟುಗಂಟಾಗಿದ್ದವು ಎಂದು ಅಮ್ಮ ಹೇಳಿದಾಗ ಕಾಲ ಮೀರಿತ್ತು. ಕಂಡದ್ದನ್ನೆಲ್ಲ ಫೋಟೊ ಹೇಳುತ್ತದೆ, ಕಾಣದ್ದರ ಬಗೆಗೆ ಸುಮ್ಮನಿರುತ್ತದೆ. ಚಿತ್ರಕ್ಕೆ ಸುಮ್ಮನಿರುವ ಸೌಲಭ್ಯವಿಲ್ಲ. ಬರೆಸುವವರು ಮುಖದ ಬಗೆಗೆ ಹೇಳಿದಷ್ಟೇ ವಿವರವಾಗಿ ಕೈಗಳ ಬಗೆಗೂ ಮೊದಲೇ ಹೇಳಬೇಕು, ಇಲ್ಲವೇ ಎದೆಯ ಮಟ್ಟಕ್ಕೇ ಚಿತ್ರ ನಿಲ್ಲಲಿ ಎನ್ನಬೇಕು.

ಇಂಥ ಕೆಲಸ ಮಾಡಿಸುವವರಿಗೆ ಉಪಯೋಗವಾಗುವ ಒಂದೆರಡು ಮಾತು. ಸ್ಟುಡಿಯೊಕ್ಕೆ ಕೊಟ್ಟಾಗ, ಟಚಿಂಗ್ ಮಾಡುವ ಮುಂಚಿನ ಸ್ಕ್ಯಾನನ್ನು ಬೇರೆ ಫೈಲಿನಲ್ಲಿ ಕೇಳಿ ಪಡೆಯಿರಿ. ಮುಖವನ್ನು ಮುಟ್ಟಬಾರದೆಂದು ರಸೀದಿಯ ಮೇಲೆಯೇ ಬರೆಸಿ. ಮುದ್ರಣಕ್ಕೆ ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡು ಇರಲಿ, ಮಳೆಗಾಲದಲ್ಲಿ ಅಂಟಿಕೊಂಡರೆ ಬಿಡಿಸಲಾಗುವುದಿಲ್ಲ. ತೈಲಚಿತ್ರಕ್ಕೆ ಗಾಜು ಬೇಡ. ಅದರ ಮೇಲ್ಮೈ ಒಣಗಿದಂತೆ ಕಂಡರೂ ಒಳಗಿನ ಬಣ್ಣ ಗಟ್ಟಿಯಾಗಲು ತಿಂಗಳುಗಳೇ ಬೇಕಾದ್ದರಿಂದ, ವಾರ್ನಿಷ್ ಹಚ್ಚಲು ಮೇಷ್ಟ್ರು ನಮಗೆ ಆರು ತಿಂಗಳ ನಂತರ ಬರಲು ಹೇಳಿದ್ದಾರೆ. ಈ ಅವಧಿಯಲ್ಲಿ ಅಡುಗೆಮನೆಯ ಹೊಗೆಯೂ ನೇರ ಬಿಸಿಲೂ ತಾಗಬಾರದು.

ಹಣಕ್ಕೆ ತಕ್ಕ ಕೆಲಸವೇ ಎಂದು ಕೇಳಿದರೆ, ಎರಡಕ್ಕೂ ಹೌದೆನ್ನುತ್ತೇನೆ. ಒಂದನ್ನೇ ಆರಿಸಿ ಎಂದರೆ ಮೊದಲು ಫೋಟೊವನ್ನು ಮಾಡಿಸಿ ಎನ್ನುತ್ತೇನೆ, ಅದು ಇದ್ದರೆ ಚಿತ್ರವನ್ನು ಎಂದಾದರೂ ಬರೆಸಬಹುದು. ತೈಲಚಿತ್ರ ಈಗ ನಡುಮನೆಯಲ್ಲಿದೆ. ಕಳೆದ ತಿಂಗಳು ಬಂದಿದ್ದ ಚಿಕ್ಕಮ್ಮ ಅದರ ಮುಂದೆ ನಿಂತು, ಮುಖವನ್ನು ಹೊಗಳಿ, ಸೀರೆಯ ಬಗೆಗೆ ತಮ್ಮ ಅಭಿಪ್ರಾಯವನ್ನು ಬದಲಿಸದೆ, ಹೊರಡುವಾಗ ತಮ್ಮ ಮನೆಗೊಂದು ಪ್ರತಿ ಬೇಕೆಂದು ಕೇಳಿದ್ದು ಮಾತ್ರ ಫೋಟೊದ್ದನ್ನು. ಅದರಲ್ಲಿ ಸೀರೆಯ ಬಣ್ಣವನ್ನು ಯಾರೂ ತೀರ್ಮಾನಿಸಿಲ್ಲವಲ್ಲ. ಎರಡನೆಯ ಪ್ರತಿಗೆ ಸ್ಟುಡಿಯೊದವರು 700 ರೂಪಾಯಿ ತೆಗೆದುಕೊಂಡು, ಈ ಸಲ ಹೇಳಿದ ದಿನಕ್ಕೇ ಕೊಟ್ಟರು.